ಸಿಟಿ ವಿಟೆಕ್ ಬ್ಲಾಕ್‌ಗೆ ಟರ್ಬೊ: ಸ್ಲೀವ್ ಬೇಕಾ, ಸಿಮೆಂಟ್ ಬೇಕಾ?

ಪ್ರಶ್ನೆ: ಸರ್, ನಾನು ಹಾಸನದವನು. ನನ್ನ ಹತ್ತಿರ 2001ರ ಹೋಂಡಾ ಸಿಟಿ 1.5 ವಿಟೆಕ್ ಇದೆ. ಆಯಿಲ್ ತಿನ್ನಲು ಶುರು ಮಾಡಿದೆ, ಹೇಗೂ ಎಂಜಿನ್ ಬಿಚ್ಚಲೇಬೇಕು. ಬಿಚ್ಚಿದಾಗಲೇ ಬ್ಲಾಕ್ (ಸಿಲಿಂಡರುಗಳಿರುವ ಎಂಜಿನ್ನಿನ ಮೈ) ಗಟ್ಟಿ ಮಾಡಿಸಿ ಟರ್ಬೊ ಹಾಕುವ ಆಸೆ. 180ರಿಂದ 200 ಎಚ್‌ಪಿ ಬಂದರೆ ಸಾಕು, ಟ್ರ್ಯಾಕ್ ಡೇಗೆ ಓಡಿಸಬೇಕು. ಒಬ್ಬರು ಸ್ಲೀವ್ (ಸಿಲಿಂಡರಿಗೆ ಕೂರಿಸುವ ಹೊಸ ಕೊಳವೆ) ಹಾಕಿಸಲೇಬೇಕು ಅನ್ನುತ್ತಾರೆ, ಇನ್ನೊಬ್ಬರು ಸಿಲಿಂಡರ್ ಸುತ್ತ ನೀರು ಹರಿಯುವ ವಾಟರ್ ಜಾಕೆಟ್‌ಗೆ ಸಿಮೆಂಟ್ ತುಂಬಿಸು ಅನ್ನುತ್ತಾರೆ, ಮತ್ತೊಬ್ಬರು ಬ್ಲಾಕ್ ಗಾರ್ಡ್ ಸಾಕು ಅನ್ನುತ್ತಾರೆ. ಹಾಗೇ 1 ಎಂಎಂ ಓವರ್‌ಸೈಜ್ ಬೋರ್ ಮಾಡಿಸಿದರೆ, ಅಂದರೆ ಸಿಲಿಂಡರಿನ ತೂತು ಅಗಲ ಮಾಡಿಸಿದರೆ, ಇನ್ನಷ್ಟು ಪವರ್ ಸಿಗುತ್ತದಾ? ಯಾರ ಮಾತು ಕೇಳಲಿ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಗುರಿ 200 ಎಚ್‌ಪಿ ಒಳಗೇ ಇದ್ದರೆ ಸ್ಲೀವ್ ಬೇಡ, ಬ್ಲಾಕ್ ಗಾರ್ಡ್ ಬೇಡ, ಸಿಮೆಂಟ್ ಅಂತೂ ಬೇಡವೇ ಬೇಡ. ಆ ದುಡ್ಡಲ್ಲಿ ಅರ್ಧವನ್ನು ಟಾರ್ಕ್ ಪ್ಲೇಟ್ ಕಟ್ಟಿ ಹೋನಿಂಗ್ (ಬೋರಿನ ಒಳಗೋಡೆಯನ್ನು ಕಲ್ಲಿನಲ್ಲಿ ಉಜ್ಜುವ ಕೆಲಸ) ಮಾಡುವ ಅಂಗಡಿಗೆ ಕೊಡಿ, ಇನ್ನರ್ಧ ಟ್ಯೂನಿಂಗ್‌ಗೆ ಎತ್ತಿಡಿ. 1 ಎಂಎಂ ಬೋರ್ ವಿಚಾರ ಇವತ್ತೇ ಮರೆತುಬಿಡಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಆದರೆ ಬ್ಲಾಕ್ ಒಂದು ಸಲ ಕೊರೆದ ಮೇಲೆ ವಾಪಸ್ ತರಲು ಆಗುವುದಿಲ್ಲ, ಅದಕ್ಕೇ ಪೂರ್ತಿ ಓದಿ.

ಮೊದಲು ನಿಮ್ಮ ಬ್ಲಾಕ್ ಎಂಥದ್ದು ನೋಡೋಣ. ಇದು ಹೋಂಡಾದ ಡಿ ಸರಣಿಯ ಎಂಜಿನ್. ಬೋರ್ 75 ಎಂಎಂ, ಸ್ಟ್ರೋಕ್ 84.5 ಎಂಎಂ, ಒಟ್ಟು 1493 ಸಿಸಿ. ಬ್ಲಾಕ್ ಅಲ್ಯೂಮಿನಿಯಂ. ಒಳಗೆ ತೆಳ್ಳಗಿನ ಕಾಸ್ಟ್ ಐರನ್ ಲೈನರ್ ಇದೆ, ಅದನ್ನು ಆಮೇಲೆ ತೂರಿಸಿದ್ದಲ್ಲ, ಎರಕ ಹೊಯ್ಯುವಾಗಲೇ ಅದರ ಸುತ್ತ ಅಲ್ಯೂಮಿನಿಯಂ ಸುರಿದಿದ್ದಾರೆ. ಹೆಡ್ ಎತ್ತಿ ಮೇಲಿನಿಂದ ನೋಡಿದರೆ ನಾಲ್ಕು ಸಿಲಿಂಡರ್ ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿರುತ್ತವೆ, ಸುತ್ತಲೂ ನೀರಿನ ಕಾಲುವೆ ಮೇಲ್ಗಡೆ ಪೂರ್ತಿ ಬಾಯಿ ತೆರೆದಿರುತ್ತದೆ. ಇದನ್ನೇ ಓಪನ್ ಡೆಕ್ ಅನ್ನುವುದು. ದೊಡ್ಡ ಪಾತ್ರೆಯೊಳಗೆ ನಾಲ್ಕು ಲೋಟ ಜೋಡಿಸಿ ಬುಡ ಮಾತ್ರ ಅಂಟಿಸಿ ನೀರು ತುಂಬಿಸಿದ ಹಾಗೆ ಅಂದುಕೊಳ್ಳಿ. ಹೀಗೆ ಮಾಡಿದರೆ ಉಕ್ಕಿನ ಅಚ್ಚಿನಲ್ಲಿ ಬೇಗ ಎರಕ ಹೊಯ್ಯಬಹುದು, ಸಿಲಿಂಡರಿನ ತಲೆಯ ಕಡೆಗೇ ನೀರು ಚೆನ್ನಾಗಿ ಹರಿಯುತ್ತದೆ, ಬ್ಲಾಕ್ ಹಗುರ. ಕಂಪನಿ ಕೊಟ್ಟ ಸುಮಾರು 106 ಪಿಎಸ್‌ಗೆ ಇದು ಬಹಳ ಒಳ್ಳೆಯ ವಿನ್ಯಾಸ. ಟರ್ಬೊ ಹಾಕಿದಾಗ ಮಾತ್ರ ಆ ಲೋಟಗಳ ಬಾಯಿ ಹಿಡಿಯುವವರು ಯಾರೂ ಇಲ್ಲ ಅನ್ನುವುದು ಗೊತ್ತಾಗುತ್ತದೆ.

ಎಷ್ಟು ಬಲ ಬೀಳುತ್ತದೆ ಅಂತ ಲೆಕ್ಕ ಹಾಕೋಣ. 75 ಎಂಎಂ ಬೋರ್ ಅಂದರೆ ಪಿಸ್ಟನ್ ತಲೆಯ ವಿಸ್ತೀರ್ಣ ಸುಮಾರು 44 ಚದರ ಸೆಂಟಿಮೀಟರ್. ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಉರಿಯ ಒತ್ತಡ 60 ಬಾರ್ ಮುಟ್ಟಿತು ಅನ್ನಿ, ಪಿಸ್ಟನ್ ಮೇಲೆ ಬೀಳುವುದು ಎರಡೂಮುಕ್ಕಾಲು ಟನ್ ಹತ್ತಿರ. ಟರ್ಬೊದಲ್ಲಿ 100 ಬಾರ್ ಆಯಿತು ಅಂದರೆ ನಾಲ್ಕೂವರೆ ಟನ್. ನಿಮ್ಮ ಇಡೀ ಕಾರಿನ ತೂಕ ಒಂದು ಟನ್ ಆಸುಪಾಸು! 6000 ಆರ್‌ಪಿಎಂನಲ್ಲಿ ಒಂದೊಂದು ಸಿಲಿಂಡರಿನಲ್ಲೂ ಇದು ಸೆಕೆಂಡಿಗೆ 50 ಸಲ ನಡೆಯುತ್ತದೆ. ಅಷ್ಟೇ ಬಲ ಹೆಡ್ಡನ್ನೂ ಮೇಲಕ್ಕೆ ತಳ್ಳುತ್ತಿರುತ್ತದೆ. ಪಿಸ್ಟನ್ ಕೆಳಗಿಳಿಯುವಾಗ ಕನೆಕ್ಟಿಂಗ್ ರಾಡ್ ಓರೆಯಾಗಿ ನಿಲ್ಲುವುದರಿಂದ ಅದರಲ್ಲಿ ಒಂದು ಪಾಲು ಪಕ್ಕಕ್ಕೆ, ಗೋಡೆಯ ಮೇಲೆ ಒತ್ತುತ್ತದೆ. ಸಿಲಿಂಡರುಗಳು ಉದ್ದಕ್ಕೆ ಒಂದಕ್ಕೊಂದು ಅಂಟಿರುವುದರಿಂದ ಆ ದಿಕ್ಕಿಗೆ ಅಲುಗುವುದಿಲ್ಲ. ಅಲುಗುವುದು ಅಡ್ಡಕ್ಕೆ, ಮ್ಯಾನಿಫೋಲ್ಡ್ ಇರುವ ಎರಡು ಬದಿಗೆ. ಪಿಸ್ಟನ್ ತಳ್ಳುವುದೂ ಅದೇ ದಿಕ್ಕಿಗೆ. ಅಲುಗಾಟ ಅಂದರೆ ಕಣ್ಣಿಗೆ ಕಾಣುವಂಥದ್ದಲ್ಲ, ಕೂದಲಿಗಿಂತ ಕಡಿಮೆ. ಆದರೆ ಹೆಡ್ ಗ್ಯಾಸ್ಕೆಟ್ಟಿನ ಉಂಗುರ ಆ ಬಾಯಿಯ ಮೇಲೇ ಕೂತಿದೆ ಅಲ್ವಾ, ಅದು ದಿನಾ ಉಜ್ಜಿಸಿಕೊಂಡು ಸವೆದು ಒಂದು ದಿನ ಬಿಟ್ಟುಕೊಡುತ್ತದೆ. ರೇಡಿಯೇಟರಿನಲ್ಲಿ ಗುಳ್ಳೆ ಬರುತ್ತದೆ, ಕೂಲೆಂಟ್ ಹೊರಗೆ ಉಕ್ಕುತ್ತದೆ.

ಈಗ ಸಿಮೆಂಟ್. ಡ್ರ್ಯಾಗ್ ರೇಸಿನವರು ವಾಟರ್ ಜಾಕೆಟ್ ತುಂಬಿಸುತ್ತಾರೆ, ಸುಳ್ಳಲ್ಲ. ಆದರೆ ಅವರು ಬಳಸುವುದು ಅದಕ್ಕೆಂದೇ ಮಾಡಿದ, ಒಣಗುವಾಗ ಕುಗ್ಗದ, ಲೋಹದ ಪುಡಿ ಬೆರೆಸಿದ ಗ್ರೌಟ್. ಅವರ ಗಾಡಿ ಓಡುವುದು ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡ್. ಮನೆ ಕಟ್ಟುವ ಸಿಮೆಂಟ್ ಕಲಸಿ ಅಲ್ಯೂಮಿನಿಯಂ ಬ್ಲಾಕಿಗೆ ಸುರಿದರೆ ಏನಾಗುತ್ತದೆ ಗೊತ್ತಾ? ಹಸಿ ಸಿಮೆಂಟ್ ತೀರಾ ಕ್ಷಾರ, ಅದು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ತಿನ್ನುವಾಗ ಹೈಡ್ರೋಜನ್ ಗುಳ್ಳೆ ಏಳುತ್ತದೆ. ಒಳಗೆ ಪೊಳ್ಳು ಉಳಿಯುತ್ತದೆ, ಒಣಗಿದಾಗ ಕುಗ್ಗಿ ಗೋಡೆಯಿಂದ ಬಿಡಿಸಿಕೊಳ್ಳುತ್ತದೆ. ಅಂದರೆ ಆಸರೆಯೂ ಸಿಗಲಿಲ್ಲ, ನೀರಿನ ದಾರಿಯೂ ಹೋಯಿತು. ಸರಿಯಾದ ಗ್ರೌಟನ್ನೇ ಅರ್ಧಕ್ಕೆ ತುಂಬಿಸಿದರೂ ಸಿಲಿಂಡರಿನ ಕೆಳಭಾಗದ ಶಾಖವೆಲ್ಲ ಆಯಿಲ್‌ಗೆ ಇಳಿಯುತ್ತದೆ. ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷ ಒಂದೇ ಸಮ ಓಡಿಸುವ ಗಾಡಿಗೆ ಇದು ಹೊಂದುವುದಿಲ್ಲ. ಇನ್ನೊಂದು ವಿಷಯ, ನಿಮ್ಮದು ಓಪನ್ ಡೆಕ್. ಅರ್ಧ ತುಂಬಿಸಿದರೆ ಗಟ್ಟಿಯಾಗುವುದು ಬುಡ. ಅಲುಗುವ ಬಾಯಿ ಹಾಗೇ ಇರುತ್ತದೆ!

ಬ್ಲಾಕ್ ಗಾರ್ಡ್ ಅಂದರೆ ಆ ಬಾಯಿಯ ಹತ್ತಿರವೇ ಕಾಲುವೆಯೊಳಗೆ ಬಡಿದು ಕೂರಿಸುವ ಅಲ್ಯೂಮಿನಿಯಂ ತಟ್ಟೆ. ಯೋಚನೆ ಸರಿಯಾದ ಜಾಗದಲ್ಲೇ ಇದೆ. ಆದರೆ ಸಿಲಿಂಡರಿನ ಅತಿ ಬಿಸಿಯಾದ ಜಾಗವೂ ಅದೇ. ಅಲ್ಲಿಗೇ ನೀರು ತಡೆದರೆ ಹೆಡ್ಡಿಗೆ ಹೋಗುವ ಹರಿವು ಕಡಿಮೆಯಾಗುತ್ತದೆ, ಬಿಸಿ ಗೋಡೆ ಇಂಧನ ತಾನಾಗೇ ಸಿಡಿಯುವ ನಾಕಿಂಗ್‌ಗೆ ದಾರಿ ಮಾಡಿಕೊಡುತ್ತದೆ. ಬಿಗಿಯಾಗಿ ಬಡಿದರೆ ಬೋರ್ ಆಕಾರವೇ ಹೋಗುತ್ತದೆ. ಸಡಿಲವಾಗಿ ಕೂರಿಸಿದರೆ ಆಸರೆ ಇಲ್ಲ. ಗುಂಡಗಿದ್ದ ಬೋರ್ ಗಾರ್ಡ್ ಬಡಿದ ಮೇಲೆ ನಾಲ್ಕು ಕಡೆ ಒತ್ತಿಸಿಕೊಂಡದ್ದನ್ನು ನಾನೇ ಬೋರ್ ಗೇಜ್ ಹಿಡಿದು ನೋಡಿದ್ದೇನೆ. ಹಾಕಿಸಲೇಬೇಕು ಅಂದರೆ ಮೊದಲು ಗಾರ್ಡ್, ಆಮೇಲೆ ಬೋರ್ ಕೆಲಸ, ಈ ಕ್ರಮ ತಪ್ಪಬಾರದು. ಹೊರಗಿಂದ ತೂತು ಕೊರೆದು ಬೋಲ್ಟಿನಲ್ಲಿ ಸಿಲಿಂಡರಿಗೆ ಆಸರೆ ಕೊಡುವ ಪದ್ಧತಿಯೂ ಒಂದಿದೆ. ಅದರ ಕಡೆ ನೋಡಲೇಬೇಡಿ, ಸಿಲಿಂಡರ್ ಬಿಸಿಯಾಗಿ ಹಿಗ್ಗಿದಾಗ ಬೋಲ್ಟ್ ಮುಟ್ಟುವ ಆ ಒಂದು ಚುಕ್ಕೆಯಲ್ಲಿ ಗೋಡೆ ಒಳಕ್ಕೆ ಉಬ್ಬುತ್ತದೆ.

ಓವರ್‌ಸೈಜ್ ಲೆಕ್ಕ ಬಹಳ ಸುಲಭ. 75ನ್ನು 76 ಮಾಡಿದರೆ 1493 ಸಿಸಿ 1533 ಆಗುತ್ತದೆ. 40 ಸಿಸಿ, ಶೇ 2.7. ಅಷ್ಟು ಪವರ್ ಬೇಕಾದರೆ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಒಂದಿಷ್ಟು ಜಾಸ್ತಿ ಮಾಡಿದರೆ ಮುಗಿಯಿತು. ಅದಕ್ಕಾಗಿ ಮೊದಲೇ ತೆಳ್ಳಗಿರುವ ಲೈನರಿನ ಗೋಡೆಯಲ್ಲಿ ಎಲ್ಲಾ ಕಡೆ ಅರ್ಧ ಎಂಎಂ ಕೆರೆದು ಹಾಕುವುದಾ? ಟರ್ಬೊ ಎಂಜಿನ್ನಿನಲ್ಲಿ ಸಿಸಿಗಿಂತ ಗೋಡೆಯ ದಪ್ಪಕ್ಕೆ ಬೆಲೆ ಜಾಸ್ತಿ. ಬೋರ್ ಸವೆದಿದ್ದರೆ 0.25 ಓವರ್‌ಸೈಜ್, ತೀರಾ ಹೋಗಿದ್ದರೆ 0.50, ಅಲ್ಲಿಗೆ ನಿಲ್ಲಿಸಿ. ಆಯಿಲ್ ತಿನ್ನುತ್ತಿದೆ ಅಂತ ಬರೆದಿದ್ದೀರಿ, ಅದು ವಾಲ್ವ್ ಸೀಲ್ ಕೂಡ ಆಗಿರಬಹುದು. ಅಳತೆ ಮಾಡದೆ ಓವರ್‌ಸೈಜ್ ಪಿಸ್ಟನ್ ತರಿಸಬೇಡಿ.

ಇನ್ನು ನಿಜವಾದ ಕೆಲಸಕ್ಕೆ ಬರೋಣ. ಟರ್ಬೊ ಬ್ಲಾಕಿನಲ್ಲಿ ನಾವು ಬಯಸುವುದು ಎರಡೇ. ಬೋರ್ ಗುಂಡಗಿರಬೇಕು, ಗಾಡಿ ಓಡುವಾಗಲೂ ಗುಂಡಗೇ ಉಳಿಯಬೇಕು. ನಮ್ಮ ಬಹಳಷ್ಟು ಲೇತ್ ಅಂಗಡಿಗಳಲ್ಲಿ ಖಾಲಿ ಬ್ಲಾಕನ್ನು ಮೆಷಿನ್ ಮೇಲೆ ಕೂರಿಸಿ ಬೋರ್ ಮಾಡಿ, ಹೋನ್ ಹೊಡೆದು ಕೊಡುತ್ತಾರೆ. ಆಗ ಬೋರ್ ಗುಂಡಗೇ ಇರುತ್ತದೆ. ಮನೆಗೆ ತಂದು ಹೆಡ್ ಕೂರಿಸಿ ಹತ್ತು ಬೋಲ್ಟ್ ಬಿಗಿ ಮಾಡಿದ ತಕ್ಷಣ ಬೋಲ್ಟಿನ ಸುತ್ತಲಿನ ಅಲ್ಯೂಮಿನಿಯಂ ಎಳೆಸಿಕೊಂಡು ಬೋರ್ ಅಲ್ಲಲ್ಲಿ ಸೊಟ್ಟಗಾಗುತ್ತದೆ. ರಿಂಗು ಆ ಸೊಟ್ಟಕ್ಕೆ ಪೂರ್ತಿ ಅಂಟುವುದಿಲ್ಲ. ಮಾಮೂಲಿ ಗಾಡಿಯಲ್ಲಿ ಇದು ಅಷ್ಟು ಗೊತ್ತಾಗುವುದಿಲ್ಲ, ಟರ್ಬೊದಲ್ಲಿ ಆ ಸಂದಿಯಿಂದ ಉರಿ ಕೆಳಗೆ ನುಗ್ಗಿ ಆಯಿಲ್ ಸುಡುತ್ತದೆ, ಬ್ರೀದರಿನಿಂದ ಹೊಗೆ ಬರುತ್ತದೆ. ಇದಕ್ಕೆ ಉಪಾಯ ಟಾರ್ಕ್ ಪ್ಲೇಟ್. ಹೆಡ್ಡಿನ ಬದಲು ಒಂದು ದಪ್ಪ ಲೋಹದ ಹಲಗೆ, ಸಿಲಿಂಡರ್ ಇರುವಲ್ಲಿ ತೂತು. ಅದನ್ನು ನೀವು ಆಮೇಲೆ ಹಾಕಲಿರುವ ಅದೇ ಮಾದರಿ ಗ್ಯಾಸ್ಕೆಟ್, ಅದೇ ಸ್ಟಡ್, ಅದೇ ಟಾರ್ಕಿನಲ್ಲಿ ಕಟ್ಟಿ, ಕೆಳಗೆ ಕ್ರ್ಯಾಂಕ್ ಹಿಡಿಯುವ ಮೇನ್ ಕ್ಯಾಪುಗಳನ್ನೂ ಬಿಗಿ ಮಾಡಿ, ಹೋನಿಂಗ್ ಮಾಡಬೇಕು. ಪ್ಲೇಟ್ ಬಿಚ್ಚಿದ ಮೇಲೆ ಬೋರ್ ಸ್ವಲ್ಪ ಸೊಟ್ಟಗೆ ಕಾಣುತ್ತದೆ, ಗಾಬರಿ ಬೇಡ. ಹೆಡ್ ಕೂತಾಗ ಗುಂಡಗಾಗುತ್ತದೆ.

ಟಾರ್ಕ್ ಪ್ಲೇಟ್ ಎಲ್ಲಾ ಅಂಗಡಿಯಲ್ಲೂ ಇರುವುದಿಲ್ಲ. ಬೆಂಗಳೂರಿನಲ್ಲಿ ರೇಸ್ ಎಂಜಿನ್ ಕೆಲಸ ಮಾಡುವವರ ಹತ್ತಿರ ವಿಚಾರಿಸಿ. ನಿಮ್ಮ ಎಂಜಿನ್ನಿನದು ಸಿಗದಿದ್ದರೆ ಹಳೆ ಗ್ಯಾಸ್ಕೆಟ್ಟನ್ನೇ ಅಚ್ಚಾಗಿ ಇಟ್ಟು 40 ಎಂಎಂ ಆಸುಪಾಸಿನ ಉಕ್ಕಿನ ಹಲಗೆಯಲ್ಲಿ ಕೊರೆಸಿಕೊಳ್ಳಿ. ಒಂದು ಸಲದ ಖರ್ಚು, ನಿಮ್ಮ ಊರಿನ ಇನ್ನೂ ನಾಲ್ಕು ಸಿಟಿಗಳಿಗೆ ಉಪಯೋಗ ಆಗುತ್ತದೆ. ಪ್ಲೇಟ್ ಹಿಡಿದುಕೊಂಡು ಹೋಗಿ "ಇದನ್ನು ಕಟ್ಟಿ ಹೋನ್ ಮಾಡಿ ಕೊಡಿ" ಅಂದರೆ ಒಳ್ಳೆಯ ಕೆಲಸಗಾರ ಬೇಡ ಅನ್ನುವುದಿಲ್ಲ. ನಾನು ಕಂಡ ಹಾಗೆ ಅವರಿಗೂ ಇಂಥ ಕೆಲಸ ಅಂದರೆ ಖುಷಿ.

ಹೋನಿಂಗ್ ಗೆರೆ ಹೆಚ್ಚುಕಡಿಮೆ 45 ಡಿಗ್ರಿ ಕೋನದಲ್ಲಿ ಒಂದನ್ನೊಂದು ಅಡ್ಡ ಹಾಯಬೇಕು. ಆಯಿಲ್ ನಿಲ್ಲುವುದು ಆ ಗೆರೆಗಳಲ್ಲೇ. ಒರಟು ಕಲ್ಲಿನಲ್ಲಿ ಶುರು ಮಾಡಿ ನಯವಾದ ಕಲ್ಲಿನಲ್ಲಿ ಮುಗಿಸಿ, ಕೊನೆಗೆ ಗೆರೆಗಳ ಚೂಪು ತುದಿ ಮಾತ್ರ ಸವರಿ ತೆಗೆಯಬೇಕು. ಯಾವ ರಿಂಗ್ ಹಾಕುತ್ತೀರಿ ಅನ್ನುವುದನ್ನು ಮೊದಲೇ ಹೇಳಿ, ಕಲ್ಲು ಅದರ ಮೇಲೆ ನಿರ್ಧಾರ ಆಗುತ್ತದೆ.

ಪಿಸ್ಟನ್ ವಿಚಾರದಲ್ಲಿ ಉಳಿತಾಯ ಮಾಡಬೇಡಿ. ಟರ್ಬೊ ಹಾಕಿದ ಮಾಮೂಲಿ ಎಂಜಿನ್ ಸತ್ತಾಗ ಬಿಚ್ಚಿ ನೋಡಿ, ಹೆಚ್ಚಿನ ಸಲ ಬ್ಲಾಕ್ ಒಡೆದಿರುವುದಿಲ್ಲ. ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಗೋಡೆ ಮುರಿದಿರುತ್ತದೆ, ಇಲ್ಲ ರಾಡ್ ಬಗ್ಗಿರುತ್ತದೆ. ಆಮೇಲೆ ಜನ "ಹೋಂಡಾ ಬ್ಲಾಕ್ ವೀಕ್" ಅನ್ನುತ್ತಾರೆ. ಅದಕ್ಕೇ ಫೋರ್ಜ್ಡ್ ಪಿಸ್ಟನ್, ಫೋರ್ಜ್ಡ್ ರಾಡ್, ಕಂಪ್ರೆಷನ್ ಅನುಪಾತ 8.5ರಿಂದ 9ರ ಒಳಗೆ. ಫೋರ್ಜ್ಡ್ ಪಿಸ್ಟನ್ನಿನಲ್ಲಿ 2618 ಅನ್ನುವ ಮಿಶ್ರಲೋಹ ಬಂದರೆ ಅದು ಬಿಸಿಗೆ ಜಾಸ್ತಿ ಹಿಗ್ಗುತ್ತದೆ, ನಿಮ್ಮ ಬೋರಿಗೆ 0.07ರಿಂದ 0.09 ಎಂಎಂ ಅಂತರ ಕೇಳಬಹುದು. 4032 ಬಂದರೆ ಅದರಲ್ಲಿ ಸಿಲಿಕಾನ್ ಜಾಸ್ತಿ, ಕಡಿಮೆ ಹಿಗ್ಗುತ್ತದೆ, ಅಂತರವೂ ಕಡಿಮೆ ಸಾಕು. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಬರೆದದ್ದೇ ಅಂತಿಮ. ಮಾಮೂಲಿ ಪಿಸ್ಟನ್ನಿಗೆ ಇಡುವ 0.03ನ್ನೇ ಇದಕ್ಕೂ ಇಟ್ಟುಕೊಟ್ಟರೆ ಮೊದಲ ಬಿಸಿಗೇ ಸೀಜ್ ಆಗುತ್ತದೆ. ನಾಲ್ಕು ಪಿಸ್ಟನ್ನನ್ನೂ ಅಂಗಡಿಗೆ ಕೊಟ್ಟು, ಒಂದೊಂದನ್ನೂ ಮೈಕ್ರೋಮೀಟರಿನಲ್ಲಿ ಅಳೆದು, ಅದರದೇ ಬೋರಿಗೆ ಹೊಂದಿಸಲು ಹೇಳಿ. ಅಳೆಯುವ ಮುಂಚೆ ಬ್ಲಾಕ್ ಮತ್ತು ಪಿಸ್ಟನ್ ಎರಡೂ ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಇರಲಿ. ಬಿಸಿಲಲ್ಲಿ ಆಟೋದಿಂದ ಇಳಿಸಿದ ಅಲ್ಯೂಮಿನಿಯಂ ಬ್ಲಾಕನ್ನು ಆಗಲೇ ಅಳೆದರೆ ನೂರರಲ್ಲಿ ಎರಡು ಮೂರು ಭಾಗ ಎಂಎಂ ಸುಳ್ಳು ಬರುತ್ತದೆ. ನಾವು ಹುಡುಕುತ್ತಿರುವ ಅಂತರವೇ ಅಷ್ಟು ಸಣ್ಣದು.

ರಿಂಗ್ ಗ್ಯಾಪ್ ಇನ್ನೂ ಮುಖ್ಯ. ಟರ್ಬೊದಲ್ಲಿ ಮೇಲಿನ ರಿಂಗ್ ಬಹಳ ಬಿಸಿಯಾಗಿ ಉದ್ದ ಆಗುತ್ತದೆ. ಎರಡು ತುದಿ ಒಂದಕ್ಕೊಂದು ತಾಗಿದರೆ ರಿಂಗಿಗೆ ಹೋಗಲು ಜಾಗ ಇಲ್ಲ, ಬೋರ್ ಗೀರುತ್ತದೆ, ಪಿಸ್ಟನ್ನಿನ ಗೋಡೆ ಕಿತ್ತು ಬರುತ್ತದೆ. ರಸ್ತೆ ಟರ್ಬೊಗೆ ಸಾಮಾನ್ಯ ಲೆಕ್ಕ ಬೋರಿನ ಸಾವಿರದಲ್ಲಿ ಆರು ಪಾಲು. 75ಕ್ಕೆ 0.45 ಎಂಎಂ. ಎರಡನೇ ರಿಂಗಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ, 0.50 ಇಡಿ. ರಿಂಗನ್ನು ಬೋರಿನೊಳಗೆ ಇಟ್ಟು, ಪಿಸ್ಟನ್ ತಲೆಯಲ್ಲಿ ತಳ್ಳಿ ನೇರ ಕೂರಿಸಿ, ಫೀಲರ್ ಗೇಜ್ ಹಾಕಿ ನೋಡುತ್ತಾ ಅರದಲ್ಲಿ ಉಜ್ಜಬೇಕು. ಒಂದು ಭಾನುವಾರ ಪೂರ್ತಿ ಹೋಗುತ್ತದೆ, ಹೋಗಲಿ ಬಿಡಿ. ಗ್ಯಾಪ್ ಸ್ವಲ್ಪ ಜಾಸ್ತಿಯಾದರೆ ಸ್ವಲ್ಪ ಹೊಗೆ, ಕಡಿಮೆಯಾದರೆ ಎಂಜಿನ್ನೇ ಹೋಗುತ್ತದೆ.

ಹೆಡ್ ಕೂರುವ ಮುಖವನ್ನು ಫೇಸಿಂಗ್ ಮಾಡಿಸಿ. ಮೊದಲು ಸ್ಟ್ರೇಟ್ ಎಡ್ಜ್ ಇಟ್ಟು ನೋಡಿ, 0.05 ಎಂಎಂ ಫೀಲರ್ ಎಲ್ಲೂ ನುಗ್ಗಬಾರದು. ಉಕ್ಕಿನ ಪದರದ ಗ್ಯಾಸ್ಕೆಟ್ ಹಾಕುತ್ತೀರಿ ಅಂದರೆ ಮುಖ ಬಹಳ ನಯವಾಗಿರಬೇಕು, ಉಗುರಿನಲ್ಲಿ ಗೀರಿದರೆ ಗೆರೆ ತಗಲಬಾರದು. ಬೇಕಾದಷ್ಟೇ ತೆಗೆಸಿ. ಜಾಸ್ತಿ ತೆಗೆದರೆ ಕಂಪ್ರೆಷನ್ ಏರುತ್ತದೆ, ಹೆಡ್ ಕೆಳಗೆ ಬಂದು ಬೆಲ್ಟ್ ಸಡಿಲವಾಗಿ ಕ್ಯಾಮ್ ಟೈಮಿಂಗ್ ಕೂಡ ಸ್ವಲ್ಪ ಹಿಂದೆ ಬೀಳುತ್ತದೆ. ಬೋಲ್ಟ್ ಬದಲು ಸ್ಟಡ್ ಹಾಕಿ. ಬೋಲ್ಟ್ ತಿರುಗಿಸುವಾಗ ಅಲ್ಯೂಮಿನಿಯಂ ಥ್ರೆಡ್ಡನ್ನೂ ಉಜ್ಜುತ್ತಾ ಹೋಗುತ್ತದೆ, ಸ್ಟಡ್ ಒಂದು ಸಲ ಕೈಯಲ್ಲೇ ತಿರುಗಿಸಿ ಕೂರಿಸಿದರೆ ಆಮೇಲೆ ನಟ್ ಮಾತ್ರ ತಿರುಗುತ್ತದೆ. ನಟ್ಟಿಗೆ ಸ್ಟಡ್ ಕಂಪನಿ ಕೊಟ್ಟ ಗ್ರೀಸನ್ನೇ ಹಚ್ಚಿ. ಬೇರೆ ಆಯಿಲ್ ಹಚ್ಚಿದರೆ ಟಾರ್ಕ್ ವ್ರೆಂಚ್ ಅದೇ ಅಂಕಿ ತೋರಿಸುತ್ತದೆ, ಆದರೆ ಹಿಡಿತ ಬೇರೆಯಾಗಿರುತ್ತದೆ. ಹೆಡ್ ಏಳದಂತೆ ತಡೆಯುವುದು ಆ ಹಿಡಿತವೇ.

ಹಾಗಾದರೆ ಸ್ಲೀವ್ ಯಾವಾಗ? 300 ಎಚ್‌ಪಿ ಕಡೆ ಹೋಗುವ ಆಸೆ ಇದ್ದರೆ, ಇಲ್ಲ ಲೈನರ್ ಸೀಳಿದ್ದರೆ. ಇಲ್ಲೊಂದು ಗೊಂದಲ ಬಿಡಿಸಬೇಕು. ನಮ್ಮಲ್ಲಿ ಟ್ರ್ಯಾಕ್ಟರ್, ಲಾರಿ, ಅಂಬಾಸಿಡರ್‌ಗೆ ಬೋರ್ ಸವೆದಾಗ ತೆಳ್ಳಗಿನ ಡ್ರೈ ಲೈನರ್ ಒತ್ತಿ ಹಳೆ ಅಳತೆಗೆ ತರುವ ಕೆಲಸ ಬಹಳ ವರ್ಷದಿಂದ ಇದೆ, ಒಳ್ಳೆಯ ಕೆಲಸವೇ. ದಪ್ಪ ಕಾಸ್ಟ್ ಐರನ್ ಬ್ಲಾಕಿಗೆ ಅದು ಸರಿ. ಓಪನ್ ಡೆಕ್ ಅಲ್ಯೂಮಿನಿಯಂ ಬ್ಲಾಕಿನಲ್ಲಿ ಹಾಗೆ ಮಾಡಿದರೆ ಗೋಡೆಯ ಅಲ್ಯೂಮಿನಿಯಂ ಕೊರೆದು ತೆಗೆದು ಅಲ್ಲಿಗೆ ತೆಳು ಕೊಳವೆ ಕೂರಿಸಿದ ಹಾಗೆ, ಗಟ್ಟಿಯಾಗುವುದಿಲ್ಲ. ಪರ್ಫಾರ್ಮೆನ್ಸ್ ಸ್ಲೀವ್ ಬೇರೆ ಜಾತಿ. ಡಕ್ಟೈಲ್ ಐರನ್ನಿನದು, ಮಾಮೂಲಿ ಬೀಡು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಬಾಗುತ್ತದೆ, ಬೇಗ ಸೀಳುವುದಿಲ್ಲ. ಅಮೆರಿಕದ ಡಾರ್ಟನ್ ಕಂಪನಿ ಹೋಂಡಾದ ಇನ್ನೊಂದು ಎಂಜಿನ್ ಸರಣಿಯಾದ ಬಿ ಸರಣಿಗೆ ಮಾಡುವ ಸ್ಲೀವ್ ನೋಡಿ. ಹಳೆ ಸಿಲಿಂಡರನ್ನು ಕೊರೆದು ತೆಗೆದು ಹೊಸದನ್ನು ಇಳಿಸುತ್ತಾರೆ, ಮೇಲಿನ ಅಗಲ ಅಂಚುಗಳು ಒಂದಕ್ಕೊಂದು, ಸುತ್ತಲಿನ ಬ್ಲಾಕಿಗೂ ತಾಗಿ ಕೂತು ಬಾಯಿ ಹಿಡಿದುಕೊಳ್ಳುತ್ತವೆ. ಓಪನ್ ಡೆಕ್ ಆಗಿದ್ದದ್ದು ಕ್ಲೋಸ್ಡ್ ಡೆಕ್ ಆಗುತ್ತದೆ.

ಬಿಗಿಯಾಗಿ ಕೂರುವ ಸ್ಲೀವ್ ಇಳಿಸುವ ಉಪಾಯ ಶಾಖದ್ದು. ಅಲ್ಯೂಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. 80 ಎಂಎಂ ತೂತು 130 ಡಿಗ್ರಿ ಬಿಸಿ ಏರಿದರೆ ಸುಮಾರು 0.24 ಎಂಎಂ ಅಗಲ ಆಗುತ್ತದೆ. ಬ್ಲಾಕನ್ನು ಒವನ್ನಿನಲ್ಲಿ ಸಮವಾಗಿ ಬಿಸಿ ಮಾಡಿ, ಸ್ಲೀವನ್ನು ತಣ್ಣಗೆ ಮಾಡಿ ಇಳಿಸಿದರೆ ಸುತ್ತಿಗೆ ಬೇಡ, ತಾನೇ ಜಾರಿ ಕೂರುತ್ತದೆ. ಗ್ಯಾಸ್ ಟಾರ್ಚಿನಲ್ಲಿ ಒಂದೊಂದೇ ಬೋರ್ ಬಿಸಿ ಮಾಡುತ್ತೇವೆ ಅಂದರೆ ಬ್ಲಾಕ್ ವಾಪಸ್ ತೆಗೆದುಕೊಂಡು ಬನ್ನಿ.

ಇದನ್ನು ಇಷ್ಟು ಖಾರವಾಗಿ ಹೇಳಲು ಕಾರಣ ಇದೆ. ಕೆಲವು ವರ್ಷಗಳ ಹಿಂದೆ ಒಂದು ಬ್ಲಾಕನ್ನು ನಾನು ಸ್ಲೀವ್ ಮಾಡಿಸಲು ಕೊಟ್ಟಿದ್ದೆ. ಕೆಲಸ ಮುಗಿದು ಬಂದಾಗ ನೋಡಲು ಬಹಳ ಚೆನ್ನಾಗಿತ್ತು. ಸ್ಲೀವಿನ ಅಂಚು ಕೂರಲು ಬ್ಲಾಕಿನಲ್ಲಿ ಕೊರೆಯುವ ಮೆಟ್ಟಿಲನ್ನು ಒಂದು ಬೋರಿನಲ್ಲಿ ಸಮ ಮಾಡದೆ ಬಿಟ್ಟಿದ್ದರು, ನಾನೂ ಇಳಿಸುವ ಮುಂಚೆ ಹೋಗಿ ಅಳೆಯಲಿಲ್ಲ. ಮೂರು ತಿಂಗಳು ಓಡಿತು. ಆಮೇಲೆ ಮೂರನೇ ಸಿಲಿಂಡರಿನ ಸ್ಲೀವ್ 0.04 ಎಂಎಂ ಕುಸಿಯಿತು. ಅಷ್ಟೇ! ಗ್ಯಾಸ್ಕೆಟ್ ಹೋಯಿತು, ಕೂಲೆಂಟ್ ಆಯಿಲ್‌ಗೆ ಸೇರಿತು, ಬೇರಿಂಗ್ ತಿಂದಿತು, ಕ್ರ್ಯಾಂಕ್ ಹೋಯಿತು. ಗಾಡಿ ನನ್ನದಲ್ಲ, ಒಬ್ಬ ಹುಡುಗ ಎರಡು ವರ್ಷ ಕೂಡಿಟ್ಟ ದುಡ್ಡು. ಅವನ ಮುಖ ಈಗಲೂ ಕಣ್ಣ ಮುಂದೆ ಬರುತ್ತದೆ. ಅಂದಿನಿಂದ ಯಾವ ಬ್ಲಾಕ್ ಬಂದರೂ ಮೆಟ್ಟಿಲಿನ ಆಳವನ್ನು ನಾಲ್ಕು ಕಡೆ ಡಯಲ್ ಗೇಜ್ ಇಟ್ಟು ಬರೆದುಕೊಳ್ಳದೆ ಮುಂದೆ ಹೋಗುವುದಿಲ್ಲ. ಸ್ಲೀವ್ ಕೂರಿಸಿದ ಮೇಲೆ ಮೇನ್ ಬೇರಿಂಗ್ ಸಾಲು ನೇರ ಇದೆಯಾ ಅಂತಲೂ ಕ್ಯಾಪ್ ಬಿಗಿ ಮಾಡಿ ನೋಡುತ್ತೇನೆ, ಯಾಕೆಂದರೆ ಇಷ್ಟೆಲ್ಲ ಬಿಸಿ, ಒತ್ತಡ ಆದಾಗ ಬ್ಲಾಕ್ ಬಾಗುವುದು ಉಂಟು.

ಬ್ಲಾಕ್ ಬಾಗುವ ಮಾತು ಬಂದಾಗಲೆಲ್ಲ ನನಗೆ ಬಿಎಂಡಬ್ಲ್ಯು ಕಥೆ ನೆನಪಾಗುತ್ತದೆ. 1983ರಲ್ಲಿ ನೆಲ್ಸನ್ ಪಿಕೆ ಬ್ರಾಬಮ್ ಕಾರಿನಲ್ಲಿ ಫಾರ್ಮುಲಾ ಒನ್ ಚಾಂಪಿಯನ್ ಆದರಲ್ಲ, ಟರ್ಬೊ ಎಂಜಿನ್ನಿನಲ್ಲಿ ಚಾಂಪಿಯನ್ ಆದ ಮೊದಲ ಡ್ರೈವರ್ ಅವರೇ. ಆ ಎಂಜಿನ್ 1499 ಸಿಸಿ, ನಾಲ್ಕೇ ಸಿಲಿಂಡರ್, ಪಾಲ್ ರೋಶೆ ಅನ್ನುವ ಎಂಜಿನಿಯರ್ ಕಟ್ಟಿದ್ದು. ಅದರ ಬ್ಲಾಕ್ ಮಾತ್ರ ಬಿಎಂಡಬ್ಲ್ಯು ತನ್ನ ಮಾಮೂಲಿ ರಸ್ತೆ ಕಾರುಗಳಿಗೆ ಹಾಕುತ್ತಿದ್ದ ಎಂ10 ಕಾಸ್ಟ್ ಐರನ್ ಬ್ಲಾಕ್! ಅದರಲ್ಲೂ ಚೆನ್ನಾಗಿ ಓಡಿ ಹಳತಾದ ಬ್ಲಾಕುಗಳನ್ನು ಹುಡುಕಿ ಬಳಸುತ್ತಿದ್ದರು. ಎರಕ ಹೊಯ್ದಾಗ ಕಬ್ಬಿಣದೊಳಗೆ ಉಳಿಯುವ ಬಿಗಿತ, ಸಾವಿರಾರು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಸಡಿಲವಾಗುತ್ತದೆ, ಆಮೇಲೆ ಮೆಷಿನ್ ಮಾಡಿದರೆ ಅಳತೆ ನಿಲ್ಲುತ್ತದೆ. ನಿಮ್ಮ ಬ್ಲಾಕ್ ಇಪ್ಪತ್ತು ವರ್ಷ ಓಡಿದೆ ಅಂತ ಬೇಜಾರು ಬೇಡ. ಅದು ಎಂದೂ ಓವರ್‌ಹೀಟ್ ಆಗಿರಬಾರದು ಅಷ್ಟೇ. ಆಗಿದ್ದರೆ ಬೇರೆ ಬ್ಲಾಕ್ ಹುಡುಕಿ. ಕೆಲಸ ಶುರು ಮಾಡುವ ಮುಂಚೆ ಡೈ ಪೆನೆಟ್ರಂಟ್ (ಬಿರುಕಿನೊಳಗೆ ಇಳಿಯುವ ಬಣ್ಣ) ಹಚ್ಚಿ ಬಿರುಕು ನೋಡಿ. ಮ್ಯಾಗ್ನೆಟ್ ಪರೀಕ್ಷೆ ಕಬ್ಬಿಣಕ್ಕೆ ಮಾತ್ರ, ಅಲ್ಯೂಮಿನಿಯಂನಲ್ಲಿ ಅದು ಏನೂ ತೋರಿಸುವುದಿಲ್ಲ.

ಬೇರಿಂಗ್ ಬಗ್ಗೆ ಚಿಕ್ಕದಾಗಿ: ಹೊಸ ಬೇರಿಂಗ್, ಪ್ಲಾಸ್ಟಿಗೇಜಿನಲ್ಲಿ (ಒತ್ತಿದಾಗ ಚಪ್ಪಟೆಯಾಗಿ ಅಂತರ ತೋರಿಸುವ ಮೃದು ಎಳೆ) ಅಂತರ ನೋಡುವುದು, 45 ಎಂಎಂ ಜರ್ನಲ್‌ಗೆ 0.045ರಿಂದ 0.05 ಎಂಎಂ. ಟರ್ಬೊದಿಂದ ಆಯಿಲ್ ವಾಪಸ್ ಬರುವ ಪೈಪ್ ದಪ್ಪಗಿರಲಿ, ಎಂಜಿನ್ ತಳದ ಆಯಿಲ್ ಸಂಪಿನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಲಿ. ಮೆಷಿನ್ ಕೆಲಸ ಮುಗಿದ ಬ್ಲಾಕನ್ನು ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಬಾಟಲಿ ಬ್ರಷ್ ಹಿಡಿದು ನೀವೇ ಕೈಯಾರೆ ತೊಳೆಯಿರಿ, ಆಯಿಲ್ ದಾರಿಗಳನ್ನೂ ಬಿಡಬೇಡಿ. ಬಿಳಿ ಪಂಚೆ ಬಟ್ಟೆಯಲ್ಲಿ ಬೋರ್ ಒರೆಸಿದರೆ ಬಟ್ಟೆ ಬೆಳ್ಳಗೇ ಬರಬೇಕು. ಒಣಗಿಸಿದ ತಕ್ಷಣ ಆಯಿಲ್ ಹಚ್ಚಿ, ಇಲ್ಲದಿದ್ದರೆ ಕಾಫಿ ಕುಡಿದು ಬರುವಷ್ಟರಲ್ಲಿ ಲೈನರ್ ತುಕ್ಕು ಹಿಡಿದಿರುತ್ತದೆ.

ಕೊನೆಯದಾಗಿ ಟ್ಯೂನಿಂಗ್, ಅಂದರೆ ಇಂಧನ ಮತ್ತು ಕಿಡಿಯ ಹೊಂದಾಣಿಕೆ, ಇದು ಹಾಸನದವರಾದ ನಿಮಗೆ ಬಹಳ ಮುಖ್ಯ. ಹಾಸನ, ಬೆಂಗಳೂರು ಎರಡೂ ಸಮುದ್ರಮಟ್ಟದಿಂದ 900 ಮೀಟರ್ ಮೇಲೆ. ಇಲ್ಲಿ ಗಾಳಿಯ ಒತ್ತಡ ಸುಮಾರು 0.91 ಬಾರ್, ಮಂಗಳೂರಿನಲ್ಲಿ 1.01. ನಿಮ್ಮ ಗುರಿಗೆ ಗೇಜಿನಲ್ಲಿ 0.9ರಿಂದ ಒಂದು ಬಾರ್ ಬೂಸ್ಟ್ ಬೇಕಾಗಬಹುದು. ವೇಸ್ಟ್‌ಗೇಟಿನ (ಬೂಸ್ಟ್ ಮಿತಿ ಮೀರದಂತೆ ತಡೆಯುವ ಬಾಗಿಲು) ಸ್ಪ್ರಿಂಗ್ ಹೊರಗಿನ ಗಾಳಿಯ ಒತ್ತಡಕ್ಕಿಂತ ಎಷ್ಟು ಜಾಸ್ತಿ ಅನ್ನುವುದನ್ನು ಮಾತ್ರ ನೋಡುತ್ತದೆ. ಬೆಂಗಳೂರಿನ ಡೈನೊದಲ್ಲಿ (ಪವರ್ ಅಳೆಯುವ ಯಂತ್ರ) 0.9ಕ್ಕೆ ಟ್ಯೂನ್ ಮಾಡಿಸಿ ಬಂದಿರಿ ಅನ್ನಿ, ಎಂಜಿನ್ನಿಗೆ ಸಿಗುವ ಒಟ್ಟು ಒತ್ತಡ 1.81. ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಿ ಅದೇ 0.9ರಲ್ಲಿ ಒತ್ತಿದರೆ ಅದು 1.91. ಜೊತೆಗೆ ಕರಾವಳಿಯ ಸೆಕೆ, ಒಳಗೆ ಹೋಗುವ ಗಾಳಿಯೂ ಬಿಸಿ. ಟ್ಯೂನ್ ಮಾಡಿದವರು ಆ ಜಾಗದ ಅಂಕಿ ತುಂಬಿಸದೆ ಬಿಟ್ಟಿದ್ದರೆ ಅಲ್ಲಿ ನಾಕಿಂಗ್ ಶುರು. ಚೆನ್ನೈ ಹತ್ತಿರದ ಇರುಂಗಟ್ಟುಕೊಟ್ಟೈ ಟ್ರ್ಯಾಕಿಗೆ ಹೋದರೂ ಇದೇ ಕಥೆ. ಕೊಯಮತ್ತೂರಿನ ಕರಿ ಸ್ಪೀಡ್‌ವೇ ನಮ್ಮ ಊರಿಗಿಂತ ತಗ್ಗು, ಚೆನ್ನೈಗಿಂತ ಎತ್ತರ. ಅದಕ್ಕೆ ಒಳಗಿನ ಗಾಳಿಯ ಒಟ್ಟು ಒತ್ತಡ ಅಳೆಯುವ 3 ಬಾರ್ ಮ್ಯಾಪ್ ಸೆನ್ಸರ್ ಹಾಕಿಸಿ, ಟ್ಯೂನಿಂಗ್ ಪಟ್ಟಿಯಲ್ಲಿ 2.1 ಬಾರ್ ತನಕ ಇಂಧನ ಜಾಸ್ತಿ, ಇಗ್ನಿಷನ್ ಅಡ್ವಾನ್ಸ್ ಕಡಿಮೆ (ಕಿಡಿ ಸ್ವಲ್ಪ ತಡ) ಮಾಡಿ ತುಂಬಿಸಲು ಹೇಳಿ, ಅದರ ಮೇಲೆ ಹೋದರೆ ಇಂಧನ ಕಟ್ ಆಗಲಿ. 95 ಆಕ್ಟೇನ್ ಪೆಟ್ರೋಲಿಗೆ ಟ್ಯೂನ್ ಮಾಡಿಸಿದರೆ ಅದನ್ನೇ ಹಾಕಿ. ನಾಕಿಂಗ್ ಎದುರು ಯಾವ ಸ್ಲೀವೂ ನಿಲ್ಲುವುದಿಲ್ಲ.

ಕಾನೂನಿನ ವಿಷಯವನ್ನೂ ಹೇಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ, 2019ರ ತಿದ್ದುಪಡಿಯಲ್ಲಿ ದಂಡವೂ ಸೇರಿದೆ. ಏನಾದರೂ ಅಪಘಾತ ಆದರೆ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ, ಆಗ ತೊಂದರೆ ನಿಮಗೊಬ್ಬರಿಗೇ ಅಲ್ಲ, ಎದುರಿನವರಿಗೂ. ಟ್ರ್ಯಾಕ್ ಗಾಡಿ ಅಂತಲೇ ಕಟ್ಟಿ, ಟ್ರಕ್ಕಿನ ಮೇಲೆ ಹೇರಿಕೊಂಡು ಹೋಗಿ.

ಈ ವಾರ ನೀವು ಮಾಡಬೇಕಾದದ್ದು ಇಷ್ಟು. ಎಂಜಿನ್ ಬಿಚ್ಚುವ ಮುಂಚೆ ಕಂಪ್ರೆಷನ್ ನೋಡಿ, ಒಣ ಒಂದು ಸಲ, ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಹಾಕಿ ಇನ್ನೊಂದು ಸಲ. ಆಯಿಲ್ ಹಾಕಿದಾಗ ಅಂಕಿ ಚೆನ್ನಾಗಿ ಏರಿದರೆ ರಿಂಗ್ ಅಥವಾ ಬೋರ್ ಹೋಗಿದೆ, ಏರದಿದ್ದರೆ ವಾಲ್ವ್ ಕಡೆ ನೋಡಿ. ಬಿಚ್ಚಿದ ಮೇಲೆ ಪ್ರತಿ ಬೋರನ್ನೂ ಮೇಲೆ, ಮಧ್ಯೆ, ಕೆಳಗೆ, ಎರಡು ದಿಕ್ಕಿನಲ್ಲಿ, ಅಂದರೆ ಒಂದಕ್ಕೆ ಆರು ಸಲ ಬೋರ್ ಗೇಜ್ ಹಾಕಿ ಅಳೆಸಿ. 24 ಅಂಕಿ ಆಗುತ್ತದೆ. ಒಂದು ಹಾಳೆಯಲ್ಲಿ ಬರೆದು ನನಗೆ ಕಳಿಸಿ, 0.25 ಸಾಕಾ 0.50 ಬೇಕಾ ಅಂತ ನೋಡಿ ಹೇಳುತ್ತೇನೆ, ಪಿಸ್ಟನ್ ಆಮೇಲೆ ಆರ್ಡರ್ ಮಾಡಿ.